ಪಂದ್ಯ ಮುಗಿದ ಮೇಲಿನ ಎರಡು ಗಂಟೆ

ಕಳೆದ ಸಂಚಿಕೆಯಲ್ಲಿ ಮೊಣಕಾಲು ನೋವಿನ ಬಗ್ಗೆ ಬರೆಯುತ್ತಾ, ಗೆದ್ದ ರಾತ್ರಿ ಕಬಡ್ಡಿ ಹುಡುಗರ ಕೈಗೆ ಬಾಟಲಿ ಕೊಡುವ ಚಾಳಿಯ ಬಗ್ಗೆ ಎರಡೇ ಸಾಲು ಸೇರಿಸಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಪತ್ರ ಮೊಣಕಾಲಿಗೆ ಬರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ನಾನು, ಡಾಕ್ಟರಲ್ಲ. ವೈದ್ಯಕೀಯದ ಮಾತು ಬಂದ ಕಡೆ ಓದಿ ತಿಳಿದದ್ದನ್ನು ಬರೆದಿದ್ದೇನೆ. ಉಳಿದದ್ದು ಮೈದಾನದಲ್ಲಿ ಕಂಡದ್ದು. ಪತ್ರ ಬರೆದವರ ಹೆಸರು ಬಿಟ್ಟಿದ್ದೇನೆ.

ಮೇಷ್ಟ್ರೇ, ನನ್ನ ಮಗನಿಗೆ 16 ವರ್ಷ, ಫಸ್ಟ್ ಪಿಯುಸಿ. ಒಳ್ಳೇ ರೈಡರ್ ಅಂತ ಸುತ್ತಮುತ್ತಲ ಊರಲ್ಲೆಲ್ಲ ಹೆಸರು. ಹೋದ ತಿಂಗಳು ಪಕ್ಕದೂರಿನ ಹೊನಲು ಬೆಳಕಿನ ಪಂದ್ಯಾವಳಿಗೆ ಹೋಗಿ ಬೆಳಗಿನ ಜಾವ ನಾಲ್ಕಕ್ಕೆ ಬಂದ. ಬಾಯಿ ವಾಸನೆ ಬರ್ತಿತ್ತು. ಕೇಳಿದ್ದಕ್ಕೆ ‘ಟೀಮಿನ ಅಣ್ಣಂದಿರು ಕೊಟ್ರು, ಬಿಯರ್ ಅಷ್ಟೇ’ ಅಂದ. ನಮ್ಮ ಯಜಮಾನರು ‘ಆಟ ಆಡೋ ಗಂಡು ಹುಡುಗರು, ಅದೆಲ್ಲ ಇದ್ದದ್ದೇ’ ಅಂತಾರೆ. ನನಗೆ ಕಬಡ್ಡಿಯನ್ನೇ ಬಿಡಿಸಿಬಿಡೋಣ ಅನ್ನಿಸಿದೆ. ಏನು ಮಾಡಲಿ?
— ಒಬ್ಬ ತಾಯಿ, ಚನ್ನರಾಯಪಟ್ಟಣ ತಾಲ್ಲೂಕು

ತಾಯೀ, ಕಬಡ್ಡಿ ಬಿಡಿಸಬೇಡಿ. ಯಜಮಾನರ ಮಾತನ್ನೂ ಒಪ್ಪಬೇಡಿ.

‘ಹುಡುಗರನ್ನು ಆಟಕ್ಕೆ ಹಚ್ಚಿ, ಕೆಡೋದಿಲ್ಲ’ ಅಂತ ಪೋಷಕರ ಸಭೆಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದವನು ನಾನು. ಅದು ಅರ್ಧ ಮಾತ್ರ ನಿಜ ಅಂತ ನನಗೆ ಗೊತ್ತಾದದ್ದು ಒಂದು ಊರಹಬ್ಬದ ರಾತ್ರಿ. ಊರಿನ ತಂಡದವರು ನಮ್ಮ ಶಾಲೆಯ ಇಬ್ಬರು ಹುಡುಗರನ್ನು ಆಡಿಸಲು ಕೇಳಿದ್ದರು, ನಾನೇ ಕರೆದುಕೊಂಡು ಹೋಗಿದ್ದೆ. ಫೈನಲ್ ಗೆದ್ದರು. ಕೊನೇ ಬಸ್ಸಿಗೆ ಹೊತ್ತಾಯಿತು, ದೊಡ್ಡ ಹುಡುಗರಿದ್ದಾರಲ್ಲ, ಟೆಂಪೋದಲ್ಲಿ ಬಿಡುತ್ತಾರೆ ಅಂದುಕೊಂಡು ಹೊರಟುಬಿಟ್ಟೆ. ಸ್ಟ್ಯಾಂಡಿಗೆ ಹೋದರೆ ಬಸ್ ಹೋಗಿಯಾಗಿತ್ತು. ವಾಪಸ್ ಬಂದೆ.

ಆಗಲೇ ಟ್ಯೂಬ್‌ಲೈಟುಗಳನ್ನು ಬಿಚ್ಚುತ್ತಿದ್ದರು. ಶಾಮಿಯಾನದ ಹಿಂದೆ ಟೆಂಪೋ ಪಕ್ಕದಲ್ಲಿ ಹುಡುಗರು ಸುತ್ತುಗಟ್ಟಿ ನಿಂತಿದ್ದರು. ಗೆದ್ದ ಕಪ್ಪು, ಎರಡು ಕಿವಿಯದು, ಬುಡದಲ್ಲಿ ದಾನಿಗಳ ಹೆಸರಿನ ಸ್ಟಿಕ್ಕರು. ಅದರೊಳಗೆ ಬಿಯರ್ ಸುರಿದಿದ್ದರು. ಒಂದು ಕಿವಿ ಕ್ಯಾಪ್ಟನ್ ಕೈಯಲ್ಲಿ, ಇನ್ನೊಂದು ತಂಡದಲ್ಲೇ ಚಿಕ್ಕವನಾದ ಒಂಬತ್ತನೇ ಕ್ಲಾಸಿನ ನನ್ನ ಹುಡುಗನ ಕೈಯಲ್ಲಿ. ಅವನ ಮೊಣಕಾಲು ತರಚಿ ರಕ್ತಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಕಪ್ಪು ಬಾಯಿಗೆ ಬರುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ, ಕಷಾಯ ಕುಡಿಸುವಾಗ ಮಕ್ಕಳು ಮುಚ್ಚುತ್ತಾರಲ್ಲ, ಹಾಗೆ. ಅವನಿಗೆ ಬೇಕಾಗಿದ್ದದ್ದು ಆ ಕಪ್ಪಿನ ಕಿವಿ. ಒಳಗಿದ್ದದ್ದು ಜೊತೆಗೆ ಬಂತು, ಅಷ್ಟೇ.

ಕಪ್ಪು ಕಿತ್ತುಕೊಂಡು ನೆಲಕ್ಕೆ ಸುರಿದೆ. ಮಾತಿಗೆ ಮಾತು ಬೆಳೆಯಿತು. ಇಬ್ಬರನ್ನೂ ಕರೆದುಕೊಂಡು ಆರು ಕಿಲೋಮೀಟರ್ ಕಬ್ಬಿನ ಗದ್ದೆ ನಡುವೆ ನಡೆದೇ ಬಂದೆ. ಅರ್ಧ ದಾರಿಯಲ್ಲಿ ಆ ಹುಡುಗ ಒಂದೇ ಮಾತು ಕೇಳಿದ: “ಸಾರ್, ಇನ್ಮೇಲೆ ನನ್ನ ಟೀಮಿಗೆ ಕರೀತಾರಾ?” ನಿಮ್ಮ ಮಗನ ಮನಸ್ಸಿನಲ್ಲೂ ಆ ರಾತ್ರಿ ಇದ್ದದ್ದು ಈ ಪ್ರಶ್ನೆಯೇ ಇರಬೇಕು. ಹದಿನಾರು ವರ್ಷಕ್ಕೆ ಮೂವತ್ತು ಸೆಕೆಂಡ್ ಉಸಿರು ಕಟ್ಟಿ ಏಳು ಜನರ ಮಧ್ಯೆ ನುಗ್ಗುವ ಧೈರ್ಯ ಇರುತ್ತದೆ. ಇಪ್ಪತ್ತೈದರ ಅಣ್ಣನೊಬ್ಬ ಚಾಚಿದ ಬಾಟಲಿಗೆ ಬೇಡ ಅನ್ನುವ ಧೈರ್ಯ ಇರುವುದಿಲ್ಲ.

ಆಮೇಲೆ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕೆನಡಾದ ಸಂಶೋಧಕರು ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ 17 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2014ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 14ರಲ್ಲಿ, ತಂಡಗಳಲ್ಲಿ ಆಡುವ ಹದಿಹರೆಯದವರೇ ಆಡದವರಿಗಿಂತ ಹೆಚ್ಚು ಕುಡಿಯುತ್ತಿದ್ದರು. ಡ್ರಗ್ಸ್ ವಿಷಯದಲ್ಲಿ ಉಲ್ಟಾ, ಹೆಚ್ಚಿನ ಅಧ್ಯಯನಗಳಲ್ಲಿ ಆಡುವವರೇ ಅದರಿಂದ ದೂರ. ಅಂದರೆ ಆಟ ಮಕ್ಕಳನ್ನು ಕೆಲವದರಿಂದ ಕಾಪಾಡುತ್ತದೆ, ಮದ್ಯದಿಂದ ತಾನಾಗಿಯೇ ಕಾಪಾಡುವುದಿಲ್ಲ. ಐಸ್‌ಲ್ಯಾಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದರು: ಯಾವ ಆಟ, ಯಾರ ಕೈಕೆಳಗೆ? ತರಬೇತುದಾರ, ವೇಳಾಪಟ್ಟಿ, ಪೋಷಕರು ಎಲ್ಲ ಇರುವ ಕ್ಲಬ್ಬುಗಳಲ್ಲಿ ಆಡುವ ಮಕ್ಕಳಲ್ಲಿ ಕುಡಿತ ಕಡಿಮೆ ಇತ್ತು. ದೊಡ್ಡವರ ಗಮನವಿಲ್ಲದೆ ತಾವೇ ಸೇರಿ ಆಡುವವರಲ್ಲಿ ಹಾಗಿರಲಿಲ್ಲ. ಟೆಂಪೋ ಪಕ್ಕದಲ್ಲಿ ನಾನು ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಆಟ ನಡೆಯುವಾಗ ಅಂಪೈರ್, ಪ್ರೇಕ್ಷಕರು, ಮೈಕು ಎಲ್ಲ ಇರುತ್ತಾರೆ. ಕೊನೆಯ ವಿಶಲ್ ಊದಿ ಹುಡುಗ ಮನೆ ಸೇರುವವರೆಗಿನ ಆ ಎರಡು ಗಂಟೆಗೆ ಯಾರೂ ದಿಕ್ಕಿಲ್ಲ.

ಹಾಗಾಗಿ ನಿಮ್ಮ ಕೆಲಸ ಆ ಎರಡು ಗಂಟೆಯದು. ಅದನ್ನು ಯಜಮಾನರಿಗೇ ವಹಿಸಿ. ಮಗನ ಮುಂದಿನ ಪಂದ್ಯಕ್ಕೆ ಅವರು ಹೋಗಲಿ, ಅಂಕಣದ ಪಕ್ಕ ಕೂತು ನೋಡಲಿ, ಬಹುಮಾನ ಕೊಟ್ಟ ಕೂಡಲೇ ಬೈಕಿನಲ್ಲಿ ಕೂರಿಸಿಕೊಂಡು ಬರಲಿ. ‘ಇದ್ದದ್ದೇ’ ಅನ್ನುವ ಅಪ್ಪಂದಿರು ಒಂದು ಸಲ ಆ ಶಾಮಿಯಾನದ ಹಿಂದೆ ಹೋಗಿ ನಿಂತರೆ ಹಾಗನ್ನುವುದನ್ನು ಬಿಡುತ್ತಾರೆ. ತಂಡದ ಕ್ಯಾಪ್ಟನ್ನನ್ನು ಒಂದು ದಿನ ಮನೆಗೆ ಕರೆದು ಕಾಫಿ ಕೊಟ್ಟು ಹೇಳಿ: “ನಿಮ್ಮನ್ನ ನಂಬಿ ಕಳಿಸ್ತೀವಪ್ಪ, ಇವನಿಗೆ ಕೊಡಬೇಡಿ.” ಬಹಳಷ್ಟು ಹುಡುಗರು ಇಷ್ಟಕ್ಕೇ ತಲೆ ತಗ್ಗಿಸುತ್ತಾರೆ. ತಗ್ಗಿಸದಿದ್ದರೆ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ 18 ತುಂಬದವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ‘ಅಣ್ಣಂದಿರಿಗೆ’ ಇದು ಗೊತ್ತೇ ಇರುವುದಿಲ್ಲ.

ಮಗನ ಹತ್ತಿರ ಬೆಳಗಿನ ಜಾವ ನಾಲ್ಕಕ್ಕೆ ಜಗಳ ತೆಗೆಯಬೇಡಿ. ಮಾರನೇ ದಿನ ಊಟಕ್ಕೆ ಬಡಿಸುವಾಗ ಕೇಳಿ. ಮೊದಲು ಪಂದ್ಯದ ಬಗ್ಗೆ, ಎಷ್ಟು ಪಾಯಿಂಟ್ ತಂದ ಅಂತ. ಆಮೇಲೆ ಇದು. ಅವನು ನಿಮ್ಮ ಹತ್ತಿರ ಸುಳ್ಳು ಹೇಳಲಿಲ್ಲ ಅನ್ನುವುದನ್ನು ಮರೆಯಬೇಡಿ. ಆ ಬಾಗಿಲು ತೆರೆದೇ ಇರಲಿ.

ಸರ್, ನನಗೆ 17. ಫುಟ್‌ಬಾಲ್ ಆಡ್ತೀನಿ, ಜಿಮ್‌ಗೂ ಹೋಗ್ತೀನಿ. ಶನಿವಾರ ರಾತ್ರಿ ಮಾತ್ರ ಫ್ರೆಂಡ್ಸ್ ಜೊತೆ ಎರಡು ಬಿಯರ್, ಸ್ಟ್ರಾಂಗು. ಭಾನುವಾರ ಬೆಳಿಗ್ಗೆ 8 ಕಿ.ಮೀ. ಓಡಿ ಬೆವರಲ್ಲಿ ಎಲ್ಲ ಇಳಿಸಿಬಿಡ್ತೀನಿ. ಬಿಯರ್‌ನಲ್ಲಿ ಏನೂ ಇರಲ್ಲ, ನಮ್ಮ ಏಜ್‌ನವರು ಎಲ್ಲರೂ ಕುಡೀತಾರೆ. ಫಿಟ್ ಆಗಿದ್ದರೆ ತೊಂದರೆ ಇಲ್ಲ ತಾನೆ?
— ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಮಗನೇ, ಮುಚ್ಚಿಡದೆ ಬರೆದಿದ್ದೀಯ, ಸಂತೋಷ. ನಾನೂ ಮುಚ್ಚಿಡದೆ ಹೇಳುತ್ತೇನೆ, ಲೆಕ್ಕ ಹಾಕಿ.

ಸ್ಟ್ರಾಂಗ್ ಬಿಯರಿನ ಬಾಟಲಿ 650 ಎಂ.ಎಲ್. ಚೀಟಿಯ ಮೇಲೆ ಶೇ. 8ರವರೆಗೆ ಆಲ್ಕೋಹಾಲ್ ಅಂತ ಬರೆದಿರುತ್ತದೆ. ಅಂದರೆ ಒಂದು ಬಾಟಲಿಯಲ್ಲಿ ಸುಮಾರು 41 ಗ್ರಾಂ ಶುದ್ಧ ಆಲ್ಕೋಹಾಲ್. ನಿಮ್ಮ ಬೀದಿಯಲ್ಲಿ ‘ಎಣ್ಣೆ’ ಅಂತ ಕರೆಸಿಕೊಳ್ಳುವ ವಿಸ್ಕಿ, ರಮ್ಮಿನ 90 ಎಂ.ಎಲ್. ಪ್ಯಾಕೆಟ್ಟಿನಲ್ಲಿ ಇರುವುದು ಸುಮಾರು 30 ಗ್ರಾಂ. ತೊಂಬತ್ತು ಹಾಕುವವನನ್ನು ಕುಡುಕ ಅಂತೀವಿ, ಅವನಿಗಿಂತ ಹೆಚ್ಚು ನಿನ್ನ ಒಂದೇ ಬಾಟಲಿಯಲ್ಲಿದೆ. ‘ಬಿಯರ್‌ನಲ್ಲಿ ಏನೂ ಇರಲ್ಲ’ ಅನ್ನುವುದನ್ನು ನಿನಗೆ ಯಾರು ಕಲಿಸಿದರೋ ಅವರು ಚೀಟಿ ಓದಿಲ್ಲ.

ಇನ್ನು ಬೆವರು. ಕುಡಿದದ್ದರಲ್ಲಿ ಬೆವರು, ಉಸಿರು, ಮೂತ್ರ ಮೂರೂ ಸೇರಿ ಹೊರಗೆ ಹೋಗುವುದು ನೂರಕ್ಕೆ ಹತ್ತು ಭಾಗವನ್ನೂ ದಾಟುವುದಿಲ್ಲ. ಉಳಿದದ್ದೆಲ್ಲ ಪಿತ್ತಜನಕಾಂಗದ ಕೆಲಸ, ಅದಕ್ಕೆ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಅರಗಿಸಲು ಸಾಧ್ಯ. ನೀನು ಓಡಿದರೂ ಅಷ್ಟೇ, ಮಲಗಿದರೂ ಅಷ್ಟೇ, ತಣ್ಣೀರು ಸುರಿದುಕೊಂಡರೂ ಅಷ್ಟೇ. ಎರಡು ಬಾಟಲಿಗೆ 82 ಗ್ರಾಂ, ಎಂಟರಿಂದ ಹನ್ನೆರಡು ಗಂಟೆ. ರಾತ್ರಿ ಹತ್ತಕ್ಕೆ ಕುಡಿದು ಬೆಳಿಗ್ಗೆ ಆರಕ್ಕೆ ಶೂ ಕಟ್ಟುವಾಗ ನಿನ್ನ ರಕ್ತದಲ್ಲಿ ಮದ್ಯ ಇನ್ನೂ ಓಡಾಡುತ್ತಿರಬಹುದು. ನೀರಿನ ಅಂಶ ಮೊದಲೇ ಮೂತ್ರದಲ್ಲಿ ಹೋಗಿರುತ್ತದೆ, ಅದರ ಮೇಲೆ ನೀನು ಬೆವರು ಸುರಿಸುತ್ತೀಯ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆಯೂ ಇಳಿದಿರಬಹುದು. ಓಡುವಾಗ ಕಣ್ಣು ಕತ್ತಲಿಟ್ಟ ನೆನಪಿದೆಯಾ? ಇದ್ದರೆ ಕಾರಣ ಇದೇ ಇರಬಹುದು. ಇಲ್ಲದಿದ್ದರೆ ಆಗುವ ಮುಂಚೆ ನಿಲ್ಲಿಸು.

ಜಿಮ್ಮಿನಲ್ಲಿ ಪ್ರೋಟೀನ್ ಪುಡಿಗೆ ದುಡ್ಡು ಹಾಕುತ್ತಿದ್ದೀಯೋ ಏನೋ. ಆಸ್ಟ್ರೇಲಿಯಾದಲ್ಲಿ 8 ಮಂದಿ ಗಟ್ಟಿಮುಟ್ಟಾದ ಯುವಕರಿಗೆ ಕಠಿಣ ವ್ಯಾಯಾಮ ಮಾಡಿಸಿ, ಆಮೇಲೆ ಚೆನ್ನಾಗಿ ಕುಡಿಸಿ, ಸ್ನಾಯುವಿನ ಚೂರು ತೆಗೆದು ಪರೀಕ್ಷೆ ಮಾಡಿದರು. 2014ರ ಮಾತು. ಪ್ರೋಟೀನ್ ಕುಡಿದಿದ್ದರೂ ಸ್ನಾಯು ಕಟ್ಟುವ ಕೆಲಸ ನೂರಕ್ಕೆ 24ರಷ್ಟು ಕುಸಿದಿತ್ತು. ಪ್ರೋಟೀನ್ ಇಲ್ಲದೆ ಬರೀ ಪಿಷ್ಟ ತಿಂದಾಗ 37ರಷ್ಟು. ಅವರು ಕುಡಿದದ್ದು ನಿನಗಿಂತ ಹೆಚ್ಚೇ, ಅದನ್ನೂ ಹೇಳಿಬಿಡುತ್ತೇನೆ. ಆದರೂ ವಾರವಿಡೀ ಕಟ್ಟಿದ ಗೋಡೆಯ ಇಟ್ಟಿಗೆಯನ್ನು ಶನಿವಾರ ರಾತ್ರಿ ನಿನ್ನ ಕೈಯಿಂದಲೇ ಕೀಳುತ್ತಿದ್ದೀಯ.

‘ಎಲ್ಲರೂ ಕುಡೀತಾರೆ’ ಅನ್ನುವುದೂ ಸುಳ್ಳು. 2019ರಲ್ಲಿ ಕೇಂದ್ರ ಸರ್ಕಾರಕ್ಕೆ ದೆಹಲಿಯ ಏಮ್ಸ್ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯಲ್ಲಿ, 10ರಿಂದ 17 ವರ್ಷದವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 1.3. ಹದಿನೇಳರವರಲ್ಲಿ ಹತ್ತರವರಿಗಿಂತ ಜಾಸ್ತಿ ಇದ್ದೇ ಇರುತ್ತಾರೆ, ಆದರೂ ‘ಎಲ್ಲರೂ’ ಎಲ್ಲಿ ಬಂತು? ನಿನ್ನ ಶನಿವಾರದ ಐದಾರು ಗೆಳೆಯರೇ ನಿನಗೆ ಲೋಕವಾಗಿ ಕಾಣುತ್ತಿದ್ದಾರೆ. ಅವರಲ್ಲೂ ಒಬ್ಬಿಬ್ಬರು ನಿನ್ನನ್ನು ನೋಡಿಕೊಂಡೇ ಕುಡಿಯುತ್ತಿರಬಹುದು.

ವಯಸ್ಸಿನ ಮಾತು ಕೊನೆಗೆ ಹೇಳುತ್ತೇನೆ, ಅದೇ ಮುಖ್ಯ. ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬೇಕು. ‘ಸಾಕು, ನಿಲ್ಲಿಸು’ ಅನ್ನುವ ಮುಂಭಾಗವೇ ಎಲ್ಲಕ್ಕಿಂತ ತಡ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, 14 ಅಥವಾ ಅದಕ್ಕೂ ಮುಂಚೆ ಕುಡಿಯಲು ಶುರು ಮಾಡಿದವರಲ್ಲಿ ನೂರಕ್ಕೆ 40 ಮಂದಿ ಮುಂದೆ ಚಟಕ್ಕೆ ಬಿದ್ದಿದ್ದರು. 20ರ ನಂತರ ಶುರು ಮಾಡಿದವರಲ್ಲಿ ಸುಮಾರು 10. ಕರ್ನಾಟಕದ 1967ರ ಅಬಕಾರಿ ನಿಯಮ 21 ತುಂಬದವರಿಗೆ ಮದ್ಯ ಮಾರಬಾರದು ಅನ್ನುತ್ತದೆ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದಾಗ ಜನ ಆಕ್ಷೇಪಿಸಿ, ಸರ್ಕಾರ ಕೈಬಿಟ್ಟಿತು. ನಿನಗೆ ಬಾಟಲಿ ಕೊಟ್ಟ ಅಂಗಡಿಯವನು ತಪ್ಪು ಮಾಡಿದ್ದಾನೆ, ನಿನ್ನನ್ನು ಬೈಯುವುದಕ್ಕಿಂತ ಮೊದಲು ಅವನನ್ನು ಬೈಯುತ್ತೇನೆ.

ನಾಲ್ಕು ಶನಿವಾರ ಬಿಟ್ಟು ನೋಡು. ಭಾನುವಾರದ 8 ಕಿಲೋಮೀಟರಿನ ಟೈಮ್ ಬರೆದಿಡು. ನಿನ್ನ ಗಡಿಯಾರ ಹೇಳುವುದನ್ನು ನಾನು ಹೇಳಬೇಕಾಗಿಲ್ಲ. ಬಿಡಲು ಹೋಗಿ ಆಗದೇ ಇದ್ದರೆ ಅದನ್ನೂ ಬರೆ, ಅಥವಾ 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಮ್ಮ ಕಡೆ ಹೊಸತೊಡಕು ಅಂದರೆ ಬಾಡೂಟ, ಜೊತೆಗೆ ಗುಂಡು ಇದ್ದದ್ದೇ. ಮಗನಿಗೆ 15. ಹೊರಗೆ ಕದ್ದು ಕುಡಿದು ಕೆಡೋದಕ್ಕಿಂತ ಮನೇಲೇ ನಮ್ಮ ಕಣ್ಣೆದುರು ಒಂದು ಗುಟುಕು ಕೊಟ್ಟು ಅಭ್ಯಾಸ ಮಾಡಿದರೆ ಮಿತಿ ಕಲೀತಾನೆ ಅಂತ ನನ್ನ ವಾದ. ಸರಿ ತಾನೆ?
— ರೈತ, ನಾಗಮಂಗಲ ತಾಲ್ಲೂಕು

ಸರಿಯಲ್ಲ ಯಜಮಾನರೇ. ನಿಮ್ಮ ಉದ್ದೇಶ ಒಳ್ಳೆಯದು ಅಂತ ಗೊತ್ತು, ನಮ್ಮ ಸೀಮೆಯ ಎಷ್ಟೋ ಅಪ್ಪಂದಿರು ನನಗೆ ಇದನ್ನೇ ಹೇಳಿದ್ದಾರೆ.

ಆಸ್ಟ್ರೇಲಿಯಾದವರಿಗೂ ಇದೇ ನಂಬಿಕೆ ಇತ್ತು. ಅಲ್ಲಿ 1,927 ಮಕ್ಕಳನ್ನು ಆರು ವರ್ಷ ಹಿಂಬಾಲಿಸಿ 2018ರಲ್ಲಿ ಫಲಿತಾಂಶ ಹೇಳಿದರು. ಅಪ್ಪ ಅಮ್ಮ ಕೊಟ್ಟ ಮಕ್ಕಳು ಹೊರಗೆ ಕುಡಿಯುವುದನ್ನು ಬಿಡಲಿಲ್ಲ. ಮನೆಯಲ್ಲಿ ಸಿಕ್ಕಿದವರಿಗೆ ಮರುವರ್ಷ ಹೊರಗೂ ಸಿಗುವ ಸಾಧ್ಯತೆ ಹೆಚ್ಚಾಯಿತು. ಕೊಟ್ಟದ್ದರಿಂದ ರಕ್ಷಣೆ ಸಿಕ್ಕಿದ್ದಕ್ಕೆ ಒಂದು ಗುರುತೂ ಕಾಣಲಿಲ್ಲ. ಅಪ್ಪ ಕೊಟ್ಟ ಗುಟುಕಿನಿಂದ ಹುಡುಗ ಮಿತಿ ಕಲಿಯುವುದಿಲ್ಲ, ಒಪ್ಪಿಗೆ ಸಿಕ್ಕಿತು ಅಂತ ಕಲಿಯುತ್ತಾನೆ.

ಇನ್ನೊಂದು. ಸಂಜೆ ಹೊತ್ತು ಮಕ್ಕಳ ಕೈಗೆ ದುಡ್ಡು ಕೊಟ್ಟು ವೈನ್ ಸ್ಟೋರಿಗೆ ಓಡಿಸುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನಿಲ್ಲಿಸಿ. ಮಕ್ಕಳಿಂದ ಮದ್ಯ ತರಿಸುವುದೂ ಹೊರಿಸುವುದೂ ಅದೇ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ಹೊಸತೊಡಕಿನ ಬೆಳಿಗ್ಗೆ ಮಗನನ್ನೂ ಅವನ ಗೆಳೆಯರನ್ನೂ ತೋಟಕ್ಕೆ ಕರೆದುಕೊಂಡು ಹೋಗಿ. ಒಲೆ ಹೂಡುವುದು, ಕಟ್ಟಿಗೆ ಒಡೆಯುವುದು, ಮಸಾಲೆ ಅರೆಯುವುದು ಅವರಿಗೇ ಬಿಡಿ, ಊಟಕ್ಕೆ ಮುಂಚೆ ಒಂದು ಸುತ್ತು ವಾಲಿಬಾಲ್ ಹಾಕಿ, ನೀವೂ ಆಡಿ. ಅವತ್ತೊಂದು ದಿನ ಅವನ ಎದುರಿಗೆ ನೀವೂ ಕುಡಿಯದಿದ್ದರೆ ನಿಮಗೆ ಕೈಮುಗಿಯುತ್ತೇನೆ.

ಗಣಪತಿ ಬಿಡೋ ದಿನ ನಮ್ಮ ಹುಡುಗರು ಕುಡಿದು ತಮಟೆಗೆ ಕುಣಿದು ಹಾಗೇ ಕೆರೆಗೆ ಇಳೀತಾರೆ. ‘ಈಜು ಬರುತ್ತೆ, ಭಯ ಯಾಕೆ’ ಅಂತಾರೆ. ಏನು ಹೇಳಲಿ?
— ಓದುಗ, ಶಿಕಾರಿಪುರ

ಹೇಳಬೇಡಿ, ಇಳಿಯಲು ಬಿಡಬೇಡಿ. ಕುಡಿದವನಿಗೆ ನೀರಿನಲ್ಲಿ ದಿಕ್ಕು ತಪ್ಪುತ್ತದೆ, ಚಳಿ ಗೊತ್ತಾಗುವುದಿಲ್ಲ, ಸುಸ್ತು ಗೊತ್ತಾಗುವುದಿಲ್ಲ, ಕೆಸರಿನಲ್ಲಿ ಕಾಲು ಸಿಕ್ಕಿದರೆ ಬಿಡಿಸಿಕೊಳ್ಳುವ ಬುದ್ಧಿ ಓಡುವುದಿಲ್ಲ. ಈಜು ಬರುವವನು ಬಾರದವನಿಗಿಂತ ಆಳಕ್ಕೆ ಹೋಗುತ್ತಾನೆ, ಅದೇ ಅಪಾಯ. ಮೂರ್ತಿ ಹಿಡಿದು ನೀರಿಗಿಳಿಯುವ ನಾಲ್ಕು ಜನರನ್ನು ಬೆಳಿಗ್ಗೆಯೇ ಆರಿಸಿ, ಹದಿನೆಂಟು ದಾಟಿದವರು, ಅವತ್ತು ಒಂದು ಹನಿ ಮುಟ್ಟದವರು. ಉಳಿದವರು ದಡದಲ್ಲಿ. ದಡದಲ್ಲಿ ಒಂದು ಉದ್ದ ಹಗ್ಗ, ಗಾಳಿ ತುಂಬಿದ ಒಂದು ಲಾರಿ ಟ್ಯೂಬ್ ಇಟ್ಟುಕೊಳ್ಳಿ.

ಸರ್, ನಾ ಒಂಬತ್ತನೇತ್ತ ಓದಾಕತ್ತೀನಿ. ನಮ್ಮಪ್ಪ ದಿನಾ ಸಂಜಿಮುಂದ ಕುಡದು ಬರ್ತಾನ, ಮನ್ಯಾಗ ಜಗಳ. ನಾ ಶಾಲಿ ಬಿಟ್ಟಮ್ಯಾಲ ಖೋ-ಖೋ ಆಡ್ಕೋತ ಕತ್ತಲಾಗೋತನಾ ಮೈದಾನದಾಗ ಇರ್ತೀನಿ. ಓಡಿದ್ರ ಎದಿ ಹಗುರ ಆಗ್ತದ. ಅವ್ವ ‘ದೊಡ್ಡಾಕಿ ಆಗೀದಿ, ಆಟ ಸಾಕು’ ಅಂತಾಳ. ನಾ ಆಟ ಬಿಡಬೇಕೇನ್ರಿ? ಮುಂದ ನಂಗೂ ಅಪ್ಪನಂಗ ಚಟ ಬರ್ತದೇನ್ರಿ?
— ವಿದ್ಯಾರ್ಥಿನಿ, ಗದಗ ಜಿಲ್ಲೆ

ಮಗಳೇ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ಆಟ ಬಿಡಬೇಡ.

ಓಡಿದರೆ ಎದೆ ಹಗುರ ಆಗುವುದು ನಿನ್ನ ಕಲ್ಪನೆಯಲ್ಲ. ಮೈ ದಣಿಸುವ ಆಟದಿಂದ ಹದಿಹರೆಯದವರ ದುಗುಡ, ಕಳವಳ ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ನಿನ್ನ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂತೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಕದಲ್ಲಿ ಐದರಲ್ಲಿ ನಾಲ್ಕು ಮಕ್ಕಳು ಅಷ್ಟು ಮಾಡುವುದಿಲ್ಲ, ಹೆಣ್ಣುಮಕ್ಕಳು ಇನ್ನೂ ಕಡಿಮೆ. ನೀನು ಮಾಡುತ್ತಿದ್ದೀಯ. ದೊಡ್ಡವಳಾದ ಮೇಲೆ ಆಟ ಬಿಡಬೇಕು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ ಅಂತ ಈ ಪತ್ರಿಕೆಯನ್ನೇ ಅವ್ವನಿಗೆ ಓದಿ ಹೇಳು. ಅವ್ವನ ನಿಜವಾದ ಭಯ ಕತ್ತಲಿನದು ಇರಬೇಕು, ಅದು ನ್ಯಾಯವಾದದ್ದೇ. ಇಬ್ಬರು ಗೆಳತಿಯರನ್ನು ಜೊತೆ ಮಾಡಿಕೊಂಡು ದೀಪ ಹಚ್ಚುವ ಮುಂಚೆ ಮನೆ ಸೇರುತ್ತೇನೆ ಅಂತ ಮಾತು ಕೊಡು. ಆಗದಿದ್ದರೆ ಬೆಳಿಗ್ಗೆ ಶಾಲೆಗೆ ಒಂದು ಗಂಟೆ ಮುಂಚೆ ಹೋಗು.

ಅಪ್ಪನ ಚಟ ಮಕ್ಕಳಿಗೂ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚು, ಅದು ಸತ್ಯ. ಆದರೆ ಕುಡುಕರ ಮಕ್ಕಳಲ್ಲಿ ಕುಡಿಯದವರೇ ಬಹಳ ಜನ ಇದ್ದಾರೆ. ನೀನು ಮೊದಲ ಗುಟುಕನ್ನೇ ತೆಗೆದುಕೊಳ್ಳದಿದ್ದರೆ ಆ ಚಟಕ್ಕೆ ನಿನ್ನ ಹತ್ತಿರ ಬರಲು ದಾರಿಯೇ ಇಲ್ಲ.

ಅಪ್ಪ ಕುಡಿಯುವುದು ನಿನ್ನ ತಪ್ಪಿನಿಂದಲ್ಲ. ಬಿಡಿಸುವ ಹೊಣೆಯೂ ನಿನ್ನದಲ್ಲ. ಮನೆಯಲ್ಲಿ ಯಾರಾದರೂ ಕೈ ಮಾಡಿದರೆ, ಹೆದರಿಕೆ ಆದರೆ 1098ಕ್ಕೆ ಫೋನ್ ಮಾಡು, ಮಕ್ಕಳಿಗೇ ಅಂತ ಇರುವ ನಂಬರು, ಹಗಲು ರಾತ್ರಿ ಯಾವಾಗಲೂ. ನಿಮ್ಮ ಶಾಲೆಯಲ್ಲಿ ನಿನಗೆ ನಂಬಿಕೆ ಇರುವ ಒಬ್ಬ ಟೀಚರಿಗೆ ಈ ಪತ್ರದಲ್ಲಿ ಬರೆದದ್ದನ್ನೇ ಹೇಳು. ಅವ್ವ ಕೇಳಿದರೆ 14446 ಅನ್ನುವ ವ್ಯಸನಮುಕ್ತಿ ಸಹಾಯವಾಣಿಯ ನಂಬರನ್ನು ಕೊಡು, ಅಪ್ಪನ ಚಿಕಿತ್ಸೆಯ ವಿಚಾರ ಅಲ್ಲಿ ದೊಡ್ಡವರು ಮಾತಾಡಲಿ. ನನಗೆ ಇನ್ನೊಂದು ಪತ್ರ ಬರೆ. ನೀನು ಓಡುವವಳೋ ಹಿಡಿಯುವವಳೋ ಅಂತ ಬರೆಯಲೇ ಇಲ್ಲ.

ನಮ್ಮ ಯುವಕ ಸಂಘದಿಂದ ಈ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಟುಕೊಂಡಿದ್ದೇವೆ. ಚಿಕ್ಕ ಹುಡುಗರೂ ಆಡುತ್ತಾರೆ. ನಿಮ್ಮ ಎರಡು ಸಾಲು ಓದಿದ ಮೇಲೆ ನಮಗೇ ನಾಚಿಕೆ ಆಯಿತು. ಏನು ಮಾಡಬಹುದು ಹೇಳಿ.
— ಸಂಘದ ಕಾರ್ಯದರ್ಶಿ, ಕುಣಿಗಲ್ ತಾಲ್ಲೂಕು

ಗೆಳೆಯರೇ, ಈ ತಿಂಗಳ ಅತ್ಯಂತ ಸಂತೋಷದ ಪತ್ರ ನಿಮ್ಮದು.

ಮೇಲೆ ಐಸ್‌ಲ್ಯಾಂಡಿನ ಹೆಸರು ಹೇಳಿದೆನಲ್ಲ, ಅಲ್ಲಿ 1998ರಲ್ಲಿ 15-16 ವರ್ಷದ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಭಾಷಣದಿಂದ ಇಳಿದದ್ದಲ್ಲ. ಮಕ್ಕಳ ಆಟ, ಸಂಗೀತ, ನೃತ್ಯಕ್ಕೆ ಊರಿನ ದುಡ್ಡಿನಲ್ಲಿ ಸಹಾಯ ಕೊಟ್ಟರು, ತರಬೇತಿ ಪಡೆದವರನ್ನು ಇಟ್ಟರು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಹೊರಗಿರಬಾರದು ಅಂತ ಕಾನೂನು ಮಾಡಿದರು. ಅಪ್ಪ ಅಮ್ಮಂದಿರು ಸೇರಿ ಒಪ್ಪಂದಕ್ಕೆ ಸಹಿ ಹಾಕಿದರು, ವಾರಾಂತ್ಯದ ರಾತ್ರಿ ತಾವೇ ಗುಂಪು ಕಟ್ಟಿ ಬೀದಿ ಸುತ್ತಿದರು. ಅದು ಚಿಕ್ಕ ದೇಶ, ದುಡ್ಡಿರುವ ದೇಶ, ನಿಜ. ಆದರೆ ಇದರಲ್ಲಿ ಎಷ್ಟೋ ಕೆಲಸಕ್ಕೆ ದುಡ್ಡು ಬೇಡ.

18ರ ಒಳಗಿನವರ ಪಂದ್ಯಗಳನ್ನೆಲ್ಲ ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ರಾತ್ರಿ ಎಂಟರೊಳಗೆ ಬಹುಮಾನ ಕೊಟ್ಟು ಮುಗಿಸಿ. ಹೊನಲು ಬೆಳಕು ದೊಡ್ಡವರಿಗಿರಲಿ. ಹೆಸರು ನೋಂದಾಯಿಸುವಾಗ ಹುಡುಗನ ಮನೆಯವರ ಫೋನ್ ನಂಬರ್ ಬರೆಸಿಕೊಳ್ಳಿ, ಪಂದ್ಯದ ದಿನ ಫೋನ್ ಮಾಡಿ ಬನ್ನಿ ಅಂತ ಕರೆಯಿರಿ. ಬಂದ ಅಪ್ಪ ಅಮ್ಮಂದಿರಿಗೆ ಮುಂದಿನ ಸಾಲಿನ ಕುರ್ಚಿ ಬಿಡಿ, ರಾಜಕಾರಣಿಗಳು ಹಿಂದೆ ಕೂರಲಿ. ಬಾರ್ ಮಾಲೀಕರ ದೇಣಿಗೆ ತೆಗೆದುಕೊಳ್ಳಬೇಡಿ, ಅವರ ಬ್ಯಾನರ್ ಕಟ್ಟಬೇಡಿ. ಎಷ್ಟೇ ಕಷ್ಟವಾದರೂ. ಚಿಕ್ಕವರ ತಂಡಕ್ಕೆ ನಗದು ಬೇಡ, ನಗದು ಹೋಗುವುದು ಎಲ್ಲಿಗೆ ಅಂತ ನಮಗೆಲ್ಲ ಗೊತ್ತು. ಶೂ ಕೊಡಿ, ಮೊಣಕಾಲು ಪಟ್ಟಿ ಕೊಡಿ. ಪ್ರತಿ ಟೆಂಪೋದಲ್ಲಿ ಕುಡಿಯದ ಇಬ್ಬರು ಹಿರಿಯರು ಇರಲೇಬೇಕು. ಕೊನೆಯ ಹುಡುಗ ಮನೆ ಬಾಗಿಲು ದಾಟಿದ ಮೇಲೆ ಅವರು ಕಾರ್ಯದರ್ಶಿಗೆ ಅಂದರೆ ನಿಮಗೆ ಫೋನ್ ಮಾಡಲಿ. ಅಲ್ಲಿಯವರೆಗೆ ನೀವು ಮಲಗುವಂತಿಲ್ಲ.

ಗೆದ್ದವರಿಗೆ ಒಂದು ಸಂಭ್ರಮ ಬೇಕು. ಅದನ್ನು ನಾವು ಕೊಡದಿದ್ದರೆ ಬೇರೆಯವರು ಕೊಡುತ್ತಾರೆ. ಆ ಊರಹಬ್ಬದ ರಾತ್ರಿ ಆದ ಮೇಲೆ ನಾನು ಪಾನಕ ಮಾಡಲು ಶುರು ಮಾಡಿದೆ. ಹತ್ತು ಲೀಟರ್ ನೀರಿಗೆ ಒಂದೂಕಾಲು ಕೆ.ಜಿ. ಬೆಲ್ಲ, ಹದಿನೈದು ನಿಂಬೆಹಣ್ಣು, ಜಜ್ಜಿದ ಶುಂಠಿ, ಏಲಕ್ಕಿ, ಎರಡು ಚಿಟಿಕೆ ಉಪ್ಪು. ಬೆಲ್ಲ ಆಲೆಮನೆಯಿಂದ ಹೊಸದಾಗಿ ಬಂದದ್ದಾದರೆ ಏಲಕ್ಕಿಯೂ ಬೇಡ. ಬೆವರಿದ ಮೈಗೆ ನೀರು, ಉಪ್ಪು, ಸಿಹಿ ಮೂರೂ ಸೇರುತ್ತವೆ. ಜೊತೆಗೆ ಚಿತ್ರಾನ್ನ, ಬೇಯಿಸಿದ ಮೊಟ್ಟೆ. ಮುಂದಿನ ವರ್ಷ ಹೋಬಳಿ ಮಟ್ಟದಲ್ಲಿ ಗೆದ್ದಾಗ ಹುಡುಗರೆಲ್ಲ ಕಪ್ಪು ಎತ್ತಿಕೊಂಡು ಹಂಡೆಯ ಹತ್ತಿರ ಬಂದರು. ನಾನೇ ಸೌಟಿನಿಂದ ಪಾನಕವನ್ನು ಕಪ್ಪಿಗೆ ತುಂಬಿದೆ. ಮೊದಲ ಗುಟುಕು ಯಾರಿಗೆ ಅಂತ ಗಲಾಟೆ ಎದ್ದಿತು. ಆ ಹುಡುಗ ಆಗ ಹತ್ತನೇ ಕ್ಲಾಸು, ತಂಡದ ಕ್ಯಾಪ್ಟನ್. ಒಂದು ಕಿವಿ ತಾನು ಹಿಡಿದು, ಇನ್ನೊಂದನ್ನು ಎಂಟನೇ ಕ್ಲಾಸಿನ ಒಬ್ಬ ಚಿಕ್ಕವನ ಕೈಗೆ ಕೊಟ್ಟ. ಇಬ್ಬರೂ ಕಣ್ಣು ಬಿಟ್ಟುಕೊಂಡೇ ಕುಡಿದರು.

ಆ ಹಂಡೆ ಇನ್ನೂ ನನ್ನ ಹತ್ತಿರವೇ ಇದೆ, ನಲವತ್ತು ಲೀಟರಿನದು, ಒಂದು ಕಡೆ ನೆಗ್ಗಿದೆ. ಪಂದ್ಯಾವಳಿಯ ದಿನಾಂಕವನ್ನು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕುಣಿಗಲ್ ನಮಗೆ ದೂರವಲ್ಲ, ಬಸ್ಸಿನಲ್ಲಿ ಹಾಕಿಕೊಂಡು ಬರುತ್ತೇನೆ. ಬೆಲ್ಲ ನನ್ನದು, ನಿಂಬೆಹಣ್ಣು ನಿಮ್ಮದು.